ತೊಟ್ಟಿಲು ಕುದಿಸಿದ ನೀರು

ಉಪದೇಶಿ ಪೌಲರಾಜ್ ಕೆಟ್ಟ ಮನುಷ್ಯನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಚರ್ಚಿನ ಗಂಟೆ, ಮಕ್ಕಳಿಗೆ ಜಪ ಕಲಿಸುವುದು, ಸ್ಮಶಾನದ ಉಸ್ತುವಾರಿ, ಎಲ್ಲಾ ಅವನೊಬ್ಬನ ತಲೆ ಮೇಲೆ. ಅಷ್ಟು ಹೊತ್ತವನ ಬಾಯಲ್ಲಿ ಮಾತು ಒರಟಾಗಿ ಬಂದರೆ ದೇವರೂ ಮನ್ನಿಸಿಯಾನು. ಆದರೂ ಆ ಬೆಳಿಗ್ಗೆ ಚಪ್ಪಲಿಯನ್ನೂ ಬಿಡದೆ ಮೈಕಲಪ್ಪನ ಜಗಲಿಯ ಮೇಲೆ ನಿಂತು ಅವನು ಆಡಿದ ಮಾತಿಗೆ, ಒಳಗೆ ಅಕ್ಕಿ ಕೇರುತ್ತಿದ್ದ ಮೈಕಲಪ್ಪನ ಹೆಂಡತಿ ಅಮಲಮೇರಿಯ ಕೈ ಹಾಗೇ ನಿಂತುಹೋಯಿತು.

“ನೋಡಿ ಮೈಕಲಪ್ಪನೋರೆ, ಸ್ಮಶಾನದಲ್ಲಿ ಜಾಗ ಇಲ್ಲ. ಆ ಇನ್‌ಫ್ಲುಯೆಂಜಾ ವರ್ಷ ಹೂಳಿದ ಸಾಲಲ್ಲಿ ಅರ್ಧಕ್ಕರ್ಧ ಗುರುತೇ ಇಲ್ಲ. ಶಿಲುಬೆ ಇರೋ ಗುಂಡಿ ನಾವು ಮುಟ್ಟಲ್ಲ. ಇಲ್ಲದ್ದನ್ನ ಈ ಆತ್ಮಗಳ ಹಬ್ಬ ಕಳೆದ್ಮೇಲೆ ಬೇರೆಯವರಿಗೆ ತೋಡ್ತೀವಿ. ನಿಮ್ಮ ಮಗೀನದ್ದೂ ಗೆದ್ಲು ತಿಂದು ಬಿದ್ಹೋಗದೆ. ಹಬ್ಬದೊಳಗೆ ಏನಾದ್ರೂ ನೆಟ್ಬುಡಿ, ಅಷ್ಟೆ.”

ಆತ್ಮಗಳ ಹಬ್ಬ ಅಂದರೆ ನವೆಂಬರ್ ಎರಡನೇ ತಾರೀಖು. ಲಷ್ಕರ್ ಮೊಹಲ್ಲಾದ ಕ್ರೈಸ್ತರೆಲ್ಲ ಅವತ್ತು ತಮ್ಮ ತಮ್ಮವರ ಗೋರಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಉಪದೇಶಿ ಹೀಗೆ ಹೇಳಿ ಹೋಗಿದ್ದು ಸೆಪ್ಟೆಂಬರಿನಲ್ಲಿ.

ಮಗುವಿನ ಹೆಸರು ರೀಟಾ. ಮದುವೆಯಾಗಿ ಇಪ್ಪತ್ತು ವರ್ಷ ಮಡಿಲು ಬರಿದಾಗಿದ್ದು, ಹರಕೆ ಹೊತ್ತು ಹೊತ್ತು ಸಾಕಾಗಿ, ಇನ್ನು ಬೇಡ ಅಂತ ಕೈಬಿಟ್ಟ ಮೇಲೆ ಹುಟ್ಟಿದ ಮಗು ಅದು. ಬೀದಿಯ ಹೆಂಗಸರು “ಏನಮ್ಮ, ಮುದುಕೀಗೆ ಮುತ್ತು ಸಿಕ್ತು” ಅಂತ ಛೇಡಿಸಿದ್ದರು. ಇನ್ನೂ ನಡೆಯುವುದನ್ನು ಕಲಿತಿರಲಿಲ್ಲ. ಹದಿನೆಂಟನೇ ಇಸವಿಯ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಅಮಲಮೇರಿ ಮಗುವಿಗೆ ತಲೆಯಿಂದ ಕಾಲಿನವರೆಗೂ ಹರಳೆಣ್ಣೆ ತೀಡಿ, ಸಾಂಬ್ರಾಣಿ ಹೊಗೆ ಹಿಡಿಯಲು ಕೆಂಡ ತೆಗೆದಿಟ್ಟು, ಎಣ್ಣೆ ನೆನೆಯಲಿ ಅಂತ ತೊಟ್ಟಿಲಿಗೆ ಹಾಕಿದ್ದಳು. ಹಂಡೆಯಲ್ಲಿ ನೀರು ಕಾಯುತ್ತಿತ್ತು. ಆ ನೀರು ಕಾಯುವುದರೊಳಗೆ ಅವಳಿಗೇ ಚಳಿ ಹತ್ತಿ, ಒಲೆಯ ಮುಂದೆಯೇ ಕುಸಿದಳು.

ಮತ್ತೆ ಅವಳಿಗೆ ಮೈಮೇಲೆ ಎಚ್ಚರ ಬಂದಾಗ ತೊಟ್ಟಿಲು ಖಾಲಿಯಾಗಿತ್ತು. ಊರೆಲ್ಲ ಮಲಗಿದ್ದ ಕಾಲ, ಒಂದೊಂದು ಮನೆಯಿಂದ ಇಬ್ಬಿಬ್ಬರು. ಸತ್ತವರನ್ನು ಗಾಡಿಯಲ್ಲಿ ಒಟ್ಟಿಗೆ ಹಾಕಿಕೊಂಡು ಹೋಗುತ್ತಿದ್ದರು. ಮೈ ತೊಳೆಯುವವರಿಲ್ಲ, ಅಳುವವರಿಲ್ಲ. ಜ್ವರದಲ್ಲೇ ಗಾಡಿಯ ಹಿಂದೆ ನಡೆದ ಮೈಕಲಪ್ಪ ಗುಂಡಿಯ ಜಾಗ ನೋಡಿಕೊಂಡು ಬಂದಿದ್ದ. “ಸ್ನಾನ ಮಾಡಿಸಿದ್ರಾ?” ಅನ್ನುವುದೇ ಅವಳು ಕೇಳಿದ ಮೊದಲ ಮಾತು. ಅವನು ತಲೆ ಅಲ್ಲಾಡಿಸಿದ. ಎಣ್ಣೆ ಮೈಯಲ್ಲೇ ಹೋಯಿತು ಮಗು. ಒಂಬತ್ತು ವರ್ಷವಾದರೂ ಅಮಲಮೇರಿಗೆ ಅದೊಂದು ನುಂಗಲಾಗದ ತುತ್ತು. ಸತ್ತಿದ್ದಕ್ಕಿಂತ ಅದೇ ಹೆಚ್ಚು ಸುಡುತ್ತಿತ್ತು ಅಂದರೆ ನಂಬಬೇಕು ನೀವು.

ಉಪದೇಶಿ ಹೋದ ಮೇಲೆ ಅಮಲಮೇರಿ ಎದ್ದು ಅಟ್ಟ ಹತ್ತಿ, ಹಳೇ ಸೀರೆ ಸುತ್ತಿಟ್ಟಿದ್ದ ತೊಟ್ಟಿಲನ್ನು ಇಳಿಸಿಕೊಂಡು ಬಂದಳು. ಹೊನ್ನೆ ಮರದ್ದು. ಕೆಸರೆಯ ಬಡಗಿ ಕರಿಬಸವಯ್ಯ, ಮೈಕಲಪ್ಪನ ಜೊತೆ ಮೂವತ್ತು ವರ್ಷ ಕೆಲಸ ಮಾಡಿದ ಸ್ನೇಹಿತ, ತಾನಾಗಿಯೇ ಮಾಡಿ ಹೊತ್ತು ತಂದಿದ್ದ ತೊಟ್ಟಿಲು. ತಲೆಯ ಕಡೆಯ ಹಲಗೆಯಲ್ಲಿ ಒಂದು ಬಳ್ಳಿ, ಬಳ್ಳಿಯ ನಡುವೆ ಪುಟ್ಟ ಶಿಲುಬೆ ಕೆತ್ತಿದ್ದ. ಲಿಂಗ ಕಟ್ಟಿದವನು ಶಿಲುಬೆ ಕೆತ್ತಿದೆಯಲ್ಲಯ್ಯ ಅಂತ ಯಾರೋ ನಕ್ಕಾಗ “ಮಗೀಗೆ ಯಾವ ದೇವ್ರಾದ್ರೇನು, ನಿದ್ದೆ ಬಂದ್ರೆ ಸರಿ” ಅಂದಿದ್ದನಂತೆ.

“ಇದ್ರಲ್ಲೇ ಶಿಲುಬೆ ಮಾಡ್ಸಿ” ಅಂದಳು ಅಮಲಮೇರಿ.

ಮೈಕಲಪ್ಪ ಹಲಗೆಯ ಮೇಲೆ ಕೈಯಾಡಿಸಿದ. “ಹೊನ್ನೆ ಗಟ್ಟಿ ಮರವೇ, ಇಲ್ಲ ಅನ್ನಲ್ಲ. ಆದ್ರೆ ಹಲಗೆ ಬೆರಳು ಗಾತ್ರ ಇಲ್ಲ ಕಣೆ. ಇಲ್ನೋಡು, ಕಾಲಲ್ಲಿ ಹುಳ ಬಿದ್ದದೆ. ಮಣ್ಣಲ್ಲಿ ನೆಟ್ರೆ ಎಷ್ಟು ಮಳೆ ತಡೆದೀತು? ಹಿಂದಿನ ಎರಡು ಶಿಲುಬೆ ಏನಾಯ್ತು ನೋಡ್ಲಿಲ್ವಾ? ಕಲ್ಲಿಂದು ಮಾಡ್ಸೋದು ನಮ್ಮ ಕೈಲಾಗದ ಮಾತು.” ಆಮೇಲೆ “ಒಂದು ದಾರಿ ಅದೆ” ಅಂದ.

ಮೈಕಲಪ್ಪ ಗಾರೆಯವನು. ಮೈಸೂರಿನ ಎಷ್ಟೋ ಮನೆಗಳ ಗೋಡೆ ಅವನ ಕೈಯ ಸುಣ್ಣದ ಗಾರೆಯಲ್ಲಿ ಕನ್ನಡಿಯಾಗಿತ್ತು. ಸಿಮೆಂಟು ಬಂದ ಮೇಲೆ ವಿಧಿಯಿಲ್ಲದೆ ಅದನ್ನೂ ಕಲಿತ. ಹೋದ ಬೇಸಿಗೆಯಲ್ಲಿ ಬಿಂದುಮಾಧವ ರಾಯರು ಎಂಬ ಕಂಟ್ರಾಕ್ಟರು ಒಂದು ಬಂಗಲೆಯ ಕೋಣೆಗೆ ಮರದ ಹೊಟ್ಟು ಬೆರೆಸಿದ ಸಿಮೆಂಟಿನ ನೆಲ ಹಾಕಿಸಿದ್ದರು. ಕಾಲಿಗೆ ತಣ್ಣಗೆ ಕೊರೆಯಬಾರದು ಅಂತ. ಅಲ್ಲಿ ಮೈಕಲಪ್ಪನಿಗೆ ಒಂದು ಪಾಠ ಆಗಿತ್ತು. ಸುಣ್ಣದ ಗಾರೆಗೆ ಬೆಲ್ಲದ ನೀರು ಹಾಕಿದರೆ ಕಲ್ಲಾಗುತ್ತದೆ, ಅದು ಅವನ ಅಪ್ಪನ ಕಾಲದಿಂದ ಬಂದ ಬುದ್ಧಿ. ಸಿಮೆಂಟಿಗೂ ಒಂದಿಷ್ಟು ಇರಲಿ ಅಂತ ಪ್ರೀತಿಯಿಂದ ಸುರಿದುಬಿಟ್ಟ! ಆ ಮೂಲೆ ವಾರವಾದರೂ ಗಟ್ಟಿಯಾಗದೆ ರಾಗಿಮುದ್ದೆಯ ಹಾಗೆ ಕೂತಿತ್ತು. ರಾಯರು ಕೂಗಾಡಿದ್ದರು: “ಅಯ್ಯೋ ಪುಣ್ಯಾತ್ಮ, ಸಿಹಿ ಕಂಡ್ರೆ ಸಿಮೆಂಟಿಗಾಗಲ್ಲ ಕಣಯ್ಯ! ಮರದಲ್ಲಿರೋ ಸಿಹಿ, ಒಗರು, ಜಿಡ್ಡು ಹೋಗ್ಲಿ ಅಂತ್ಲೇ ಹೊಟ್ಟನ್ನ ಮೂರ್ಮೂರು ಸಲ ಕುದಿಸ್ತಿರೋದು, ನೀನು ಬೆಲ್ಲ ಸುರೀತೀಯಲ್ಲ!”

ಆ ಕಥೆಯನ್ನೇ ಈಗ ಹೆಂಡತಿಗೆ ಹೇಳಿದ. ತೊಟ್ಟಿಲನ್ನು ಹತ್ತರಿ ಹಿಡಿದು ತೆಳ್ಳಗೆ ಹೆರೆಯೋದು, ಆ ಹೆರೆದದ್ದನ್ನ ಸಿಮೆಂಟಿನಲ್ಲಿ ಕಲಸಿ ಅಚ್ಚಿಗೆ ಹಾಕೋದು. “ಒಳಗೆಲ್ಲ ತೊಟ್ಲೇ ಇರ್ತದೆ, ಹೊರಗೆ ಸಿಮೆಂಟು ಕಾಯ್ತದೆ. ಗೆದ್ಲು ಮುಟ್ಟಲ್ಲ, ಮಳೆ ಮುಟ್ಟಲ್ಲ. ನಮ್ಮ ಕಾಲ ಆದ್ಮೇಲೂ ಇರ್ತದೆ.” ಅಮಲಮೇರಿಯ ಕಣ್ಣು ತುಂಬಿತು. ಹೂಂ ಅಂದಳು.

ಕರಿಬಸವಯ್ಯ ಹತ್ತರಿ ತಗೊಂಡು ಬಂದ. ತಾನು ಮಾಡಿದ್ದನ್ನು ತಾನೇ ಬಿಚ್ಚುವುದು ಅಂದರೆ ಹುಡುಗಾಟವಲ್ಲ. “ಎಂಥಾ ಕೆಲ್ಸ ಹೇಳ್ದೆ ಕಣಯ್ಯ ಮೈಕಲಪ್ಪ” ಅಂದ. ಮೊದಲು ಪಕ್ಕದ ಎರಡು ಹಲಗೆ ತೆಗೆದ. ಹತ್ತರಿ ಓಡಿದಂತೆ ಹೊನ್ನೆ ಸುರುಳಿ ಸುರುಳಿಯಾಗಿ ಬಂದು ಬುಟ್ಟಿಗೆ ಬಿತ್ತು. ಮೂಗನ್ನು ಒಂದು ಸಲ ಹೆಗಲ ಮೇಲಿನ ಟವಲಿಗೆ ಒರೆಸಿಕೊಂಡ. ದೂಳು ಅಂದ.

ಮೈಕಲಪ್ಪ ಸಿಮೆಂಟು ತರಲು ಹೊರಡುವಾಗ ಹೆಂಡತಿಗೆ ಹೇಳಿದ: “ದೊಡ್ಡ ಹಂಡೇಲಿ ಕುದ್ಸು. ನೀರು ಬಣ್ಣ ಬಿಡ್ತದೆ, ಚೆಲ್ಲು. ಮತ್ತೆ ಕುದ್ಸು, ಚೆಲ್ಲು. ನೀರು ತಿಳಿಯಾಗೋವರ್ಗೂ. ಬಾಳೆಹೂವಿನ ಒಗರು ತೆಗೀತೀಯಲ್ಲ, ಹಂಗೇನೇ.”

ಹಂಡೆಯ ಕೆಳಗೆ ಉರಿ ಹಚ್ಚಿದಳು. ನೀರು ಸದ್ದು ಮಾಡಲು ಶುರುವಾಯಿತು. ಬುಟ್ಟಿಯನ್ನು ಎತ್ತಿ ಹಂಡೆಯ ಬಾಯಿಗೆ ತಂದಾಗ ಆ ಹಬೆ ಸುರುಳಿಗಳಿಗೆ ತಾಗಿತು ನೋಡಿ, ಗಮ್ ಅಂತ ಎದ್ದಿತು ಹರಳೆಣ್ಣೆ ವಾಸನೆ. ಒಂಬತ್ತು ವರ್ಷ ಅಟ್ಟದ ಮೇಲಿದ್ದ ಮರದಲ್ಲಿ ಎಲ್ಲಿ ಅಡಗಿತ್ತೋ. ಎಣ್ಣೆ, ಹಾಲು, ಹಳೇ ಸಾಂಬ್ರಾಣಿ. ಮಗುವಿನ ನೆತ್ತಿಯ ವಾಸನೆ.

ಬುಟ್ಟಿಯನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದಳು. ಇದನ್ನು ಕುದಿಸಿ ಮೋರಿಗೆ ಚೆಲ್ಲಬೇಕಂತೆ! ಇನ್ನೇನು ಉಳಿದಿತ್ತು ಅವಳಿಗೆ ಆ ಮಗುವಿನದು? ಒಂದು ಪಟ ಇಲ್ಲ, ಒಂದು ಅಂಗಿ ಇಲ್ಲ, ಅಂಗಿಗಳನ್ನೆಲ್ಲ ರೋಗ ಅಂತ ಸುಟ್ಟುಹಾಕಿದ್ದರು. ಗಂಡಸರು ಏನು ಬೇಕಾದರೂ ಹೇಳುತ್ತಾರೆ, ಬಂಗಲೆಯ ನೆಲ ಬೇರೆ, ಇದು ಬೇರೆ ಅಂದುಕೊಂಡಳು. ಸುರುಳಿಗಳನ್ನು ಮೊರದಲ್ಲಿ ಹರವಿ ಬಿಸಿಲಿಗಿಟ್ಟಳು. ಉರಿ ಆರಿಸಿದಳು.

“ಕುದಿಸಿದ್ಯೇನೆ?” ಅಂತ ಸಂಜೆ ಗಂಡ ಕೇಳಿದ.

“ಹೂಂ, ಕುದಿಸ್ದೆ” ಅಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಯಿಂದ ಹೊರಬಿದ್ದ ಆ ಮಾತನ್ನು ಅಮಲಮೇರಿ ವಾಪಸು ತಗೊಳ್ಳಲಿಲ್ಲ. ಮೈಕಲಪ್ಪ ನಂಬಿದ. ಮೂವತ್ತು ವರ್ಷದಲ್ಲಿ ಅವಳು ಅವನಿಗೆ ಹೇಳಿದ ಮೊದಲ ಸುಳ್ಳು ಅದು ಅಂತ ಕಾಣುತ್ತದೆ.

ಕರಿಬಸವಯ್ಯ ಮಾಡಿಕೊಟ್ಟ ಅಚ್ಚಿಗೆ ಮೈಕಲಪ್ಪ ಕಲಸಿದ್ದನ್ನು ತುಂಬಿ, ಕರಣೆಯಿಂದ ಬಡಿದು, ಒದ್ದೆ ಗೋಣಿ ಹೊದೆಸಿದ. ದಿನಾ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮುಂಚೆ ಅದಕ್ಕೆ ನೀರು ಕುಡಿಸುವನು. ವಾರದ ಮೇಲೆ ಅಚ್ಚು ಬಿಚ್ಚಿದರೆ ಶಿಲುಬೆ ಇರಲಿಲ್ಲ. ಕಂದು ಬಣ್ಣದ ಬೆವರು ಸುರಿಸಿಕೊಂಡು ಮಣ್ಣಿನ ಹಾಗೆ ಕುಸಿಯಿತು. ಬೆರಳಲ್ಲಿ ಮುಟ್ಟಿದರೆ ಪುಡಿ. ಮರ ಒಂದು ಕಡೆ, ಸಿಮೆಂಟು ಒಂದು ಕಡೆ, ಒಂದಕ್ಕೊಂದು ಅಂಟಿಕೊಂಡೇ ಇರಲಿಲ್ಲ.

ಮೈಕಲಪ್ಪ ಕುಕ್ಕುರುಗಾಲಲ್ಲಿ ಕೂತು ಒಂದು ಹಿಡಿ ಎತ್ತಿಕೊಂಡ. ಅಂಗೈಯಲ್ಲಿ ಹಿಸುಕಿ ನೋಡಿದ. ಮುಖದ ಹತ್ತಿರ ತಂದು ಬಹಳ ಹೊತ್ತು ಹಾಗೇ ಇದ್ದ. ಮೊದಲೇ ಕಣ್ಣು ಮಂಜು, ಹತ್ತಿರ ಹಿಡಿದು ನೋಡುತ್ತಿದ್ದಾನೆ ಅಂತ ಅಮಲಮೇರಿ ಅಂದುಕೊಂಡಳು. “ಸಿಮೆಂಟು ಹಳೇದಿರ್ಬೇಕು” ಅಂತಷ್ಟೇ ಅಂದು ಎದ್ದ.

ದಸರೆಯ ಗದ್ದಲ ಶುರುವಾಗಿತ್ತು. ಊರಿಗೆ ಊರೇ ದೀಪ ನೋಡಲು ಹೊರಟರೆ ಇವರ ಹಿತ್ತಲಲ್ಲಿ ಎರಡನೇ ಸಲ ಹತ್ತರಿ ಓಡಿತು. ಈ ಸಲ ತೊಟ್ಟಿಲಿನ ತಳದ ಹಲಗೆ, ಜೊತೆಗೆ ಕಾಲ ಕಡೆಯದು. “ಈ ಸಲ ಚೆನ್ನಾಗಿ ಕುದ್ಸು, ಅಮಲ” ಅಂದ ಮೈಕಲಪ್ಪ, ಅವಳ ಕಡೆ ನೋಡದೆ. ತಳದ ಹಲಗೆಯಲ್ಲಿ ವಾಸನೆ ಇನ್ನೂ ಜಾಸ್ತಿ. ಎಣ್ಣೆಯೆಲ್ಲ ಇಳಿದಿದ್ದು ಅಲ್ಲಿಗೇ ತಾನೆ. ಅಮಲಮೇರಿ ಬರಿಯ ನೀರನ್ನೇ ಕುದಿಸಿ, ಬರಿಯ ನೀರನ್ನೇ ಸದ್ದಾಗುವ ಹಾಗೆ ಮೋರಿಗೆ ಸುರಿದಳು. ಹಿತ್ತಲಲ್ಲಿ ಮೋರಿಯ ಪಕ್ಕ ಕೂತು ಅಚ್ಚಿಗೆ ಎಣ್ಣೆ ಸವರುತ್ತಿದ್ದ ಮೈಕಲಪ್ಪ ತಲೆ ಎತ್ತಲಿಲ್ಲ. ಮೂರು ಸಲ ಸುರಿದಳು. ದೇವರೇ, ಇದೆಂಥಾ ಆಟ ಅಂತ ಅವಳಿಗೇ ಅಸಹ್ಯವಾಯಿತು. ಆದರೂ ಸುರಿದಳು.

ಮೈಕಲಪ್ಪ ಈ ಸಲ ಸಿಮೆಂಟನ್ನು ಎರಡರಷ್ಟು ಹಾಕಿದ. ಹೊಸ ಮೂಟೆ. ಅಚ್ಚು ಬಿಚ್ಚಿದಾಗ ಶಿಲುಬೆ ಶಿಲುಬೆಯ ಹಾಗೇ ಮಲಗಿತ್ತು. ಅಮಲಮೇರಿ ಎರಡು ಕೈಯನ್ನೂ ಮುಗಿದಳು. ಮೆಲ್ಲಗೆ ಎತ್ತಿ ನಿಲ್ಲಿಸುವಾಗ ಎರಡು ತೋಳೂ ಒಂದರ ಹಿಂದೆ ಒಂದು ಕಳಚಿ ನೆಲಕ್ಕೆ ಬಿದ್ದವು. ಉಳಿದದ್ದು ಒಂದು ಮೋಟು ಕಂಬ. ಅದೂ ಸಂಜೆಯೊಳಗೆ ಬಿರುಕು ಬಿಟ್ಟಿತು.

ಇಂಥಾ ಸುದ್ದಿಗೆ ಕಾಲು ಬೇರೆ ಬೇಕೆ? ಲಷ್ಕರ್ ಮೊಹಲ್ಲಾದ ತುಂಬಾ ಹರಡಿತು. ಮಾರನೇ ದಿನ ಉಪದೇಶಿ ಬಂದ, ಅದೇ ಚಪ್ಪಲಿಯಲ್ಲಿ. ಸ್ಮಶಾನದ ಬಾಗಿಲ ಕಮಾನಿಗೆ ಹೊಸ ಗಾರೆ ಮಾಡುವ ಕೆಲಸ ಮೈಕಲಪ್ಪನಿಗೇ ಅಂತ ಮಾತಾಗಿತ್ತು. ವರ್ಷದಿಂದ ಅವನು ಕಾದಿದ್ದ ಕೆಲಸ. ತನ್ನ ಮಗಳು ಮಲಗಿರುವ ಜಾಗದ ಬಾಗಿಲು ಅಂತ.

“ಬೇಜಾರು ಮಾಡ್ಕೋಬೇಡಿ ಮೈಕಲಪ್ಪನೋರೆ” ಅಂದ ಪೌಲರಾಜ್. “ಕಮಾನಿನ ಕೆಲ್ಸ ಬೇರೆಯವರಿಗೆ ಹೇಳಿದೀವಿ. ಅಂಗೈ ಅಗಲದ ಶಿಲುಬೆ ನಿಲ್ತಿಲ್ಲ ಅಂದ್ಮೇಲೆ… ಅದೇನೋ ಸಿಮೆಂಟು ಸರಿಯಿಲ್ಲ ಅಂದ್ರಂತೆ. ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ.” ಹೇಳಿ ತಾನೇ ನಕ್ಕ. ಯಾರೂ ನಗದಿದ್ದುದನ್ನು ನೋಡಿ ಕೆಮ್ಮಿದ.

ಕರಿಬಸವಯ್ಯ ಅಲ್ಲೇ ಇದ್ದ. ರೇಗಿಬಿಟ್ಟ: “ಏನ್ರೀ ಮಾತು ಅಂತ ಆಡ್ತೀರಿ! ಇವ್ನ ಕೈಯಿ ಎಂಥಾದ್ದು ಅಂತ ಮೈಸೂರ್ನೆಲ್ಲ ಕೇಳ್ಕೊಂಡ್ಬನ್ನಿ!”

“ಬುಡು ಬಸವಯ್ಯ” ಅಂದ ಮೈಕಲಪ್ಪ. “ಅವರು ಹೇಳೋದು ನಿಜ. ವಯಸ್ಸಾಯ್ತು, ಕೈ ಸೋತದೆ. ಬೇರೆಯವರಿಗೇ ಕೊಡಿ ಉಪದೇಶಿಗಳೇ.”

ಬಾಗಿಲ ಹಿಂದೆ ನಿಂತಿದ್ದ ಅಮಲಮೇರಿ ಅದನ್ನೆಲ್ಲ ಕೇಳಿಸಿಕೊಂಡಳು. ಆ ಕೈ ಸೋತಿಲ್ಲ. ಅದು ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಆ ಮನುಷ್ಯ ತನ್ನ ಕೆಲಸವನ್ನು ಬಿಟ್ಟು ಬೇರೆ ಯಾವುದಕ್ಕೂ ಜಂಬ ಪಟ್ಟವನಲ್ಲ. ಊಟ ಸಪ್ಪೆಯಾದರೂ, ಅಂಗಿ ಹರಿದರೂ ಕೇಳದವನು, ಗೋಡೆಯ ಮೂಲೆ ಒಂದೆಳೆ ಓರೆಯಾದರೆ ನಿದ್ದೆಗೆಡುತ್ತಿದ್ದ. ಅಂಥವನು ನಾಲ್ಕು ಜನರೆದುರು ಕೈ ಸೋತದೆ ಅಂದ. ಅನ್ನಿಸಿದವಳು ತಾನು. ಅಯ್ಯೋ ಪಾಪಿ, ಅಯ್ಯೋ ಪಾಪಿ ಅಂತ ತನ್ನನ್ನೇ ಬೈದುಕೊಂಡಳು.

ಶನಿವಾರ ಸಂಜೆ ಪಾಪ ನಿವೇದನೆಗೆ ಚರ್ಚಿಗೆ ಹೋದಳು. ಹಬ್ಬ ಹತ್ತಿರ ಬಂದದ್ದರಿಂದ ಸಾಲು ಉದ್ದವಿತ್ತು. ಸೆರಗು ತಲೆಗೆಳೆದುಕೊಂಡು ನಿಂತಳು. ಮುಂದಿನವರು ಒಬ್ಬೊಬ್ಬರೇ ಮಂಡಿಯೂರಿ ಎದ್ದು ಹಗುರಾಗಿ ಹೋಗುತ್ತಿದ್ದರು. ತನ್ನ ಸರದಿ ಬಂದಾಗ ಅಮಲಮೇರಿಗೆ ಒಂದು ಮಾತು ಹೊಳೆಯಿತು. ಪಾದ್ರಿ ಸ್ವಾಮಿಗಳು ಕ್ಷಮಿಸಿಬಿಡುತ್ತಾರೆ, ಜಪ ಹೇಳು ಅನ್ನುತ್ತಾರೆ, ತಾನು ಹೇಳಿ ಮುಗಿಸುತ್ತೇನೆ. ಆದರೆ ಆ ಮನುಷ್ಯ ಮನೆಯಲ್ಲಿ ಸೋತ ಕೈ ಇಟ್ಟುಕೊಂಡು ಕೂತೇ ಇರುತ್ತಾನೆ. ಇದು ಮೊದಲು ಸ್ವಾಮಿಗಳ ಕಿವಿಗೆ ಹೇಳುವ ಪಾಪವಲ್ಲ. ಹಿಂದಿನವಳಿಗೆ “ನೀವು ಹೋಗಿ ಕಣಮ್ಮ” ಅಂತ ದಾರಿ ಬಿಟ್ಟು ಸೀದಾ ಮನೆಗೆ ಬಂದಳು.

ಮೈಕಲಪ್ಪ ಹಿತ್ತಲಲ್ಲಿ ಕರಣೆಗೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತುತ್ತಿದ್ದ, ಇನ್ನು ಬೇಡ ಅನ್ನುವ ಹಾಗೆ.

“ಏನಂದ್ರೆ… ನಾನು ಕುದಿಸ್ಲಿಲ್ಲ.” ಅವಳು ಅವನ ಮುಂದೆ ಬಂದು ನಿಂತಳು. “ಎರಡು ಸಲಾನೂ. ಸುಳ್ಳು ಹೇಳ್ದೆ. ನಿಮ್ಮ ಕೈಗೆ ಏನೂ ಆಗಿಲ್ಲ. ನಾನೇ ಕುದಿಸ್ಲಿಲ್ಲ.”

ಅವನು ಬಟ್ಟೆ ಸುತ್ತುವುದನ್ನು ನಿಲ್ಲಿಸಿದ. “ಗೊತ್ತು ಕಣೆ” ಅಂದ.

“ಗೊತ್ತಾ?”

“ಮೊದಲ್ನೇದು ಒಡೆದಾಗ್ಲೇ ಗೊತ್ತಾಯ್ತು. ಕೈಗೆತ್ಕೊಂಡ್ರೆ ಹರಳೆಣ್ಣೆ ವಾಸ್ನೆ. ಕುದಿಸಿದ್ರೆ ಎಲ್ಲಿರ್ತಿತ್ತು?”

ಅಮಲಮೇರಿ ನೆಲದ ಮೇಲೆ ಕೂತುಬಿಟ್ಟಳು. “ಮತ್ಯಾಕೆ ಹೇಳ್ಲಿಲ್ಲ? ಎರಡು ಬೈದು ಕುದ್ಸು ಅನ್ಬೇಕಾಗಿತ್ತು. ಅವ್ರು ಬಂದು ಹಂಗೆಲ್ಲ ಅಂದಾಗ್ಲಾದ್ರೂ…”

“ಅವರಿಗೆ ಏನಂತ ಹೇಳ್ಲಿ? ನನ್ನ ಹೆಂಡ್ತಿ ಮೇಲೆ ಹೇಳ್ಲಾ?” ಮೈಕಲಪ್ಪ ಕರಣೆಯನ್ನು ನೆಲದ ಮೇಲಿಟ್ಟ. “ಅಲ್ದೆ ಮಗು ನಿನ್ನೊಬ್ಬಳ್ದೇನೆ? ಎರಡ್ನೇ ಸಲ ನೀನು ಬರೀ ನೀರು ಸುರೀತಿದ್ದಿದ್ದು ಕಾಣ್ತಿತ್ತು ನಂಗೆ. ಹೊನ್ನೆ ನೀರು ಅಷ್ಟು ತಿಳಿಯಾಗಿರ್ತದಾ? ನಾನೂ ಸುಮ್ಮನಾದೆ. ಸಿಮೆಂಟು ಜಾಸ್ತಿ ಹಾಕೋಣ, ಹೆಂಗಾದ್ರೂ ಹಿಡೀಲಿ, ಆ ವಾಸ್ನೆ ಇಟ್ಕೊಂಡೇ ಹಿಡೀಲಿ ಅಂತ ಆಸೆ ಪಟ್ಟೆ. ಹಿಡೀಲಿಲ್ಲ. ಆಗಲ್ಲ ಅಂತ ಗೊತ್ತಿದ್ದೂ ಮಾಡ್ದೆ.”

ಅವನು ಅಳುವುದನ್ನು ಅವಳು ನೋಡಿರಲಿಲ್ಲ, ಗಾಡಿಯ ಹಿಂದೆ ಹೋಗಿ ಬಂದ ದಿನವೂ. ಈಗ ಅತ್ತ. ಇಬ್ಬರೂ ಕೂತು ಅತ್ತರು. ಒಂಬತ್ತು ವರ್ಷ ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡಿದ್ದ ಅಳು, ಬೇಗ ಮುಗಿಯುವಂಥದ್ದಲ್ಲ.

ತೊಟ್ಟಿಲಲ್ಲಿ ಇನ್ನು ಉಳಿದಿದ್ದು ತಲೆಯ ಕಡೆಯ ಹಲಗೆ ಒಂದು, ಕಾಲುಗಳು ನಾಲ್ಕು. ಮಿಕ್ಕಿದ್ದೆಲ್ಲ ಆ ಸುಳ್ಳಿಗೆ ಕರಗಿಹೋಗಿತ್ತು. ವಾಸನೆ ಉಳಿಸಿಕೊಳ್ಳಲು ಹೋಗಿ ಮರವನ್ನೇ ಕಳೆದುಕೊಂಡಿದ್ದಳು. ಕರಿಬಸವಯ್ಯ ಆ ಬಳ್ಳಿ ಕೆತ್ತಿದ ಹಲಗೆಯನ್ನು ಕೈಯಲ್ಲಿ ಹಿಡಿದು ನಿಂತ. “ಇದೊಂದು ಇರ್ಲಿ ತಂಗ್ಯಮ್ಮ. ಬೇರೆ ಹೊನ್ನೆ ತುಂಡು ನಾನು ತಂದ್ಕೊಡ್ತೀನಿ. ಇದನ್ನ ಹೆರೆಯಕ್ಕೆ ನಂಗೆ ಕೈ ಬರಾಕಿಲ್ಲ.”

“ಹೆರೀರಿ ಅಣ್ಣ” ಅಂದಳು ಅಮಲಮೇರಿ. “ಇಟ್ಕೊಂಡು ಏನು ಮಾಡ್ಲಿ? ಅವಳಿಗೆ ಜಾಗ ಬೇಕು.”

ಹೆರೆದ. ಅವಳೇ ಹಂಡೆಗೆ ಹಾಕಿದಳು. ನೀರು ಮೊದಲು ಜೇನಿನ ಬಣ್ಣ, ಆಮೇಲೆ ಕಾಫಿ ಡಿಕಾಕ್ಷನ್ನಿನ ಬಣ್ಣ. ಮೇಲೆ ಎಣ್ಣೆಯ ಸಣ್ಣ ಸಣ್ಣ ಕಣ್ಣುಗಳು ತೇಲಿದವು. ವಾಸನೆ ಅಡುಗೆಮನೆ ತುಂಬಿ, ನಡುಮನೆ ತುಂಬಿ, ಜಗಲಿಗೆ ಬಂತು. ಕಣ್ಣು ಮುಚ್ಚಿದರೆ ಮನೆಯಲ್ಲಿ ಕೂಸಿದೆ ಅನ್ನಬೇಕು. ಅವಳು ಒಲೆಯ ಮುಂದಿನಿಂದ ಏಳಲೇ ಇಲ್ಲ.

ಮೈಕಲಪ್ಪ ಹಂಡೆ ಇಳಿಸಿ ಮೋರಿಯ ಕಡೆ ಬಗ್ಗಿಸಲು ಹೋದ. “ಬೇಡ!” ಅಂತ ಅವಳು ಕೈ ಹಿಡಿದಳು. “ಮೋರಿಗೆ ಬೇಡ. ಕೊಡ ತರ್ತೀನಿ ಇರಿ.”

ಅವನು ಹಂಡೆಯನ್ನು ಕೆಳಗಿಟ್ಟ. ಮೊದಲ ಕುದಿ, ಎರಡನೇ ಕುದಿ, ಮೂರನೇ ಕುದಿಯ ನೀರನ್ನೆಲ್ಲ ಕೊಡಗಳಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಬಚ್ಚಲುಮನೆಯಲ್ಲಿ ಸಾಲಾಗಿ ಇಟ್ಟಳು. ನಾಲ್ಕನೇ ಸಲ ನೀರು ತಿಳಿಯಾಗಿ ಬಂತು. ಕೊನೆಗೆ ಮೈಕಲಪ್ಪ ಸುಣ್ಣದ ತಿಳಿಯಲ್ಲಿ ಸುರುಳಿಗಳನ್ನು ಒಂದು ದಿನ ನೆನೆಹಾಕಿ ಒಣಗಿಸಿದ. ಬಣ್ಣ ಸತ್ತು, ಬೆಳ್ಳಗೆ, ಹಗುರವಾಗಿದ್ದವು. ಅಮಲಮೇರಿ ಒಂದನ್ನು ಮೂಗಿಗೆ ಹಿಡಿದಳು. ಏನೂ ಇರಲಿಲ್ಲ. ಬರೀ ಮರ.

ಮೂರನೇ ಅಚ್ಚು ಬಿಚ್ಚುವ ದಿನ ಕರಿಬಸವಯ್ಯ ಕೆಸರೆಯಿಂದ ಬೆಳಗಾಗುವಷ್ಟರಲ್ಲೇ ಬಂದು ಕೂತಿದ್ದ. ಹಲಗೆಗಳು ಒಂದೊಂದಾಗಿ ಕಳಚಿದವು. ಮೈಕಲಪ್ಪ ಬೆರಳ ಗೆಣ್ಣಿನಿಂದ ಶಿಲುಬೆಯ ಎದೆಯ ಮೇಲೆ ಕುಟ್ಟಿದ. ಟಣ್ ಅಂದಿತು. ತೋಳುಗಳ ಮೇಲೆ ಕುಟ್ಟಿದ. ಟಣ್. ಎತ್ತಿ ನಿಲ್ಲಿಸಿದರು, ನಿಂತಿತು. ಬಿಸಿಲಿಗೆ ಹಿಡಿದರೆ ಬೂದಿ ಬಣ್ಣದ ಮೈಯೊಳಗೆ ಸುರುಳಿಗಳ ಗೆರೆಗಳು ಕಾಣುತ್ತಿದ್ದವು. “ಶಿವನೇ” ಅಂತ ಕರಿಬಸವಯ್ಯ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ. “ಈಗ್ಹೇಳ್ಲಿ ಬಂದು, ಕೈ ಸೋತದೆ ಅಂತ.”

ಆತ್ಮಗಳ ಹಬ್ಬದ ಬೆಳಿಗ್ಗೆ, ಪೂಜೆಯ ಗಂಟೆ ಹೊಡೆಯುವ ಮುಂಚೆಯೇ, ಮೂವರೂ ಸ್ಮಶಾನಕ್ಕೆ ಹೋದರು. ಗಂಡಸರಿಬ್ಬರು ಶಿಲುಬೆ ಹೊತ್ತರೆ ಅಮಲಮೇರಿ ಸೊಂಟದಲ್ಲೊಂದು, ತಲೆಯ ಮೇಲೊಂದು ಕೊಡ ಹೊತ್ತಿದ್ದಳು. ಉಳಿದ ಕೊಡಗಳನ್ನು ಕರಿಬಸವಯ್ಯ ಆಮೇಲೆ ಹೋಗಿ ತಂದ. ನಸುಕಿನಲ್ಲೇ ಎದ್ದು ಆ ನೀರನ್ನೆಲ್ಲ ಮತ್ತೆ ಕಾಯಿಸಿದ್ದಳು ಅವಳು. ಮೈಕಲಪ್ಪ ಗುಂಡಿ ತೋಡಿ ಶಿಲುಬೆ ನೆಟ್ಟು, ಸುತ್ತ ಕಲ್ಲು ಜಡಿದು, ತೂಗುಗುಂಡು ಹಿಡಿದು ನೋಡಿದ. ಕೂದಲೆಳೆಯಷ್ಟೂ ಓರೆಯಿರಲಿಲ್ಲ.

ಆಮೇಲೆ ಅಮಲಮೇರಿ ಕೊಡದ ಬಟ್ಟೆ ಬಿಚ್ಚಿದಳು. ಬಿಸಿಲು ಆಗ ತಾನೇ ಬರುತ್ತಿತ್ತು. ಆ ಕಂದು ನೀರಿನ ಅಂಚಿನಲ್ಲಿ, ಹೊನ್ನೆ ನೀರಿಗೆ ಇರುವಂತೆ, ಒಂದು ತೆಳು ನೀಲಿ ಸುಳಿಯಿತು. ಅವಳು ಸೆರಗು ಸಿಕ್ಕಿಸಿ, ಮಂಡಿಯೂರಿ, ಮೊಣಕೈಯನ್ನು ನೀರಲ್ಲಿ ಅದ್ದಿ ನೋಡಿದಳು. ಬಿಸಿ ಸ್ವಲ್ಪ ಜಾಸ್ತಿ ಅನ್ನಿಸಿ ಆರುವವರೆಗೆ ಕಾದಳು. ಮತ್ತೆ ಅದ್ದಿ ನೋಡಿದಳು. ಸರಿಯಾಗಿತ್ತು. ಚೆಂಬಿನಲ್ಲಿ ಮೊಗೆದು, ಶಿಲುಬೆಯ ಬುಡದಿಂದ ಶುರುಮಾಡಿ, ಆ ಪುಟ್ಟ ಗೋರಿಯ ಉದ್ದಕ್ಕೂ ಎಡಗೈಯಿಂದ ಮಣ್ಣನ್ನು ಸವರುತ್ತಾ ಸವರುತ್ತಾ ಮೆಲ್ಲಗೆ ಹುಯ್ದಳು. ನೆತ್ತಿಯ ಕಡೆ ಹುಯ್ಯುವಾಗ ಅಂಗೈಯನ್ನು ಅಡ್ಡ ಹಿಡಿದಳು. ಹರಳೆಣ್ಣೆ ವಾಸನೆ ಒಂದು ಸಲ ಎದ್ದು, ಮಣ್ಣಿನೊಳಕ್ಕೆ ಇಳಿದುಹೋಯಿತು. ಮೈಕಲಪ್ಪ ಒಂದೊಂದೇ ಕೊಡವನ್ನು ಅವಳ ಕೈಗೆ ಬಗ್ಗಿಸಿಕೊಟ್ಟ. ಕರಿಬಸವಯ್ಯ ದೂರ ಹೋಗಿ ಬೆನ್ನು ತಿರುಗಿಸಿ ನಿಂತ.

ಗಂಟೆಯಾಯಿತು. ಜನ ಹೂವು ಮೇಣದಬತ್ತಿ ಹಿಡಿದು ಬರತೊಡಗಿದರು. ಸಾಲು ಸಾಲು ನೋಡುತ್ತಾ ಬಂದ ಉಪದೇಶಿ ಪೌಲರಾಜ್ ಶಿಲುಬೆಯ ಮುಂದೆ ನಿಂತ. ಕೈಯಿಂದ ತಟ್ಟಿ ನೋಡಿದ. ಗಟ್ಟಿಯಾಗಿ ಅಲ್ಲಾಡಿಸಿ ನೋಡಿದ. ಅಲ್ಲಾಡಲಿಲ್ಲ. “ಭೇಷ್! ಕಲ್ಲಿ‌ನಂಗದೆ ಮೈಕಲಪ್ಪನೋರೆ. ಇನ್ನು ಈ ಜಾಗ ಯಾರೂ ಮುಟ್ಟಂಗಿಲ್ಲ” ಅಂದ. ಆಮೇಲೆ ಕಾಲ ಕೆಳಗೆ ನೋಡಿಕೊಂಡು ಹುಬ್ಬೇರಿಸಿದ. “ಅಲ್ಲ, ಮಳೆ ಬಂದು ಎಷ್ಟು ದಿನ ಆಯ್ತು, ಇಲ್ಲೊಂದೇ ಯಾಕೆ ಇಷ್ಟು ಒದ್ದೆ?”

ಅಮಲಮೇರಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಮೈಕಲಪ್ಪನೇ ಹೇಳಿದ.

“ಮಗೂಗೆ ಸ್ನಾನ ಮಾಡಿಸ್ದೋ, ಉಪದೇಶಿಗಳೇ. ಅವತ್ತು ಆಗಿರ್ಲಿಲ್ಲ.”

ಪೌಲರಾಜ್ ಒದ್ದೆ ಮಣ್ಣಿನಿಂದ ಎರಡು ಹೆಜ್ಜೆ ಹಿಂದೆ ಸರಿದು, ಬಗ್ಗಿ, ಚಪ್ಪಲಿ ಬಿಟ್ಟ.